ಸೊನ್ನೆಯಿಂದ ಹತ್ತು: ಅಮ್ಮನ ಸಂಕಟ ಎಷ್ಟು?

ಅಮ್ಮನಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದಾಗ ನಾನು ಬಿಇ ನಾಲ್ಕನೇ ಸೆಮಿಸ್ಟರ್‌ನಲ್ಲಿದ್ದೆ. ತಿಪಟೂರಿನ ಮನೆಗೆ ನೆಂಟರು ಸಾಲಾಗಿ ಬಂದರು. ಎಲ್ಲರದ್ದೂ ಒಂದೇ ಮಾತು, ‘ಧೈರ್ಯವಾಗಿರು, ಏನೂ ಆಗಲ್ಲ’. ನಾನೂ ಅದನ್ನೇ ಹೇಳಿದೆ. ಅಮ್ಮ ಬಂದವರಿಗೆ ಕಾಫಿ ಕೊಟ್ಟು, ‘ಧೈರ್ಯವಾಗೇ ಇದ್ದೀನಿ’ ಅನ್ನುತ್ತಿದ್ದಳು. ಅಡುಗೆಮನೆಯ ದೀಪ ಮಾತ್ರ ರಾತ್ರಿ ಎರಡಾದರೂ ಆರುತ್ತಿರಲಿಲ್ಲ.

ಮೂರನೇ ಕಿಮೊ ಹೊತ್ತಿಗೆ ಹೊಸ ಸಮಸ್ಯೆ. ಬೆಂಗಳೂರಿನಲ್ಲಿ ರೈಲಿಳಿದು ಆಟೊ ಆಸ್ಪತ್ರೆಯ ಗೇಟಿನತ್ತ ತಿರುಗಿದರೆ ಸಾಕು, ಅಮ್ಮನಿಗೆ ವಾಂತಿ. ಇನ್ನೂ ಸೂಜಿಯನ್ನೇ ಚುಚ್ಚಿಲ್ಲ! ‘ಎಲ್ಲ ನಿನ್ನ ಭ್ರಮೆ’ ಎಂದು ರೇಗಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನರ್ಸ್ ಒಬ್ಬರು ಆಪ್ತಸಮಾಲೋಚಕಿಯ ಬಳಿ ಕಳಿಸಿದರು. ‘ನನಗೇನು ಹುಚ್ಚಾ?’ ಎನ್ನುತ್ತಲೇ ಅಮ್ಮ ಬಂದಳು. ಅವರು ಥರ್ಮಾಮೀಟರ್ ಚಿತ್ರವಿದ್ದ ಹಾಳೆಯೊಂದನ್ನು ಮುಂದಿಟ್ಟರು. 0 ಎಂದರೆ ಸಂಕಟವೇ ಇಲ್ಲ, 10 ಎಂದರೆ ತಡೆಯಲಾಗದಷ್ಟು. ಕಳೆದ ಒಂದು ವಾರದಲ್ಲಿ ಎಷ್ಟಿತ್ತು? 4 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೂತು ವಿಚಾರಿಸುತ್ತಾರೆ. ಎಲೆಕ್ಟ್ರಿಕಲ್ ಓದುವ ನನಗೆ ಮೀಟರೇ ಇಲ್ಲದ ಈ ಅಳತೆ ತಮಾಷೆ ಅನಿಸಿತ್ತು. ಮೂರಿರಬಹುದು ಅಂದುಕೊಂಡೆ. ಅಮ್ಮ 8ಕ್ಕೆ ಗೀಟು ಹಾಕಿದಳು.

ಸಾವಿನ ಭಯವಾ ಎಂದು ಅವರು ಕೇಳಿದರು. ‘ಅದಲ್ಲ ಮೇಡಂ. ಮಗನ ಫೀಸಿಗಿಟ್ಟ ದುಡ್ಡು ನನ್ನ ಔಷಧಿಗೆ ಹೋಗ್ತಿದೆ.’ ನಾನು ಪಕ್ಕದಲ್ಲೇ ಕೂತಿದ್ದೆ.

ಕ್ಯಾನ್ಸರ್ ರೋಗಿಯ ಮನಸ್ಸನ್ನು ನೋಡಿಕೊಳ್ಳುವ ಈ ಶಾಖೆಗೆ ಸೈಕೋ ಆಂಕಾಲಜಿ ಎಂದು ಹೆಸರು. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ 1977ರಲ್ಲಿ ಮನೋವೈದ್ಯೆ ಜಿಮ್ಮಿ ಹಾಲೆಂಡ್ ಇದಕ್ಕೆ ಗಟ್ಟಿ ನೆಲೆ ಒದಗಿಸಿದರು. ಅದಕ್ಕೂ ಮೊದಲು ಅಲ್ಲಿನ ವೈದ್ಯರೇ ಎಷ್ಟೋ ಸಲ ರೋಗಿಗೆ ಕಾಯಿಲೆಯ ಹೆಸರು ಹೇಳುತ್ತಿರಲಿಲ್ಲವಂತೆ. ನಮ್ಮೂರಲ್ಲಿ ಇಂದಿಗೂ ‘ಆ ಕಾಯಿಲೆ’ ಅನ್ನುವವರೇ ಹೆಚ್ಚು! ಬೆಂಗಳೂರಿನ ಕಿದ್ವಾಯಿಯಲ್ಲೂ ಇದಕ್ಕೆ ಪ್ರತ್ಯೇಕ ವಿಭಾಗವಿದೆ. ಆಸ್ಪತ್ರೆ ದೂರವಿದ್ದವರು ಮನಸ್ಸಿನ ಯಾವುದೇ ಕಷ್ಟಕ್ಕೆ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಗೇಟಿನ ವಾಂತಿ ಭ್ರಮೆಯಾಗಿರಲಿಲ್ಲ. ಗಂಟೆ ಸದ್ದಿಗೆ ಪಾವ್ಲೋವನ ನಾಯಿ ಜೊಲ್ಲು ಸುರಿಸಿದಂತೆ, ಅಮ್ಮನ ದೇಹ ಗೇಟನ್ನೂ ಕಿಮೊವನ್ನೂ ಗಂಟು ಹಾಕಿಕೊಂಡಿತ್ತು. ಅದನ್ನು ಬಿಚ್ಚಲು ಕಲಿಸಿದರು. ಪಾದದಿಂದ ಮೇಲಕ್ಕೆ ಒಂದೊಂದೇ ಸ್ನಾಯು ಬಿಗಿ ಹಿಡಿದು ಸಡಿಲಿಸುವುದು, ನಿಧಾನವಾಗಿ ಉಸಿರಾಡುವುದು, ಹಾಗೇ ಕಣ್ಮುಚ್ಚಿ ಆಸ್ಪತ್ರೆಯ ದಾರಿಯನ್ನು ಸ್ವಲ್ಪಸ್ವಲ್ಪವೇ ನೆನೆಯುವುದು. ಕಾಡುವ ಯೋಚನೆ ಬರೆದು, ಅದು ಎಷ್ಟು ನಿಜ ಎಂದು ಪಕ್ಕದಲ್ಲಿ ಬರೆಯುವುದು ಇನ್ನೊಂದು ಅಭ್ಯಾಸ. ಅಮ್ಮ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದಳು. ‘ಮಗನ ಓದು ನಿಲ್ಲುತ್ತೆ’ ಎಂಬುದರ ಎದುರು ‘ಎಜುಕೇಶನ್ ಲೋನ್ ವಿಚಾರಿಸಬೇಕು’ ಎಂದಿತ್ತು. ವಿಚಾರಿಸಿದೆ, ಸಿಕ್ಕಿತು.

ಇದರಿಂದ ಗೆಡ್ಡೆ ಕರಗಲಿಲ್ಲ, ಅದಕ್ಕೆ ಕಿಮೊ, ಆಪರೇಷನ್ನೇ ಬೇಕಾಯಿತು. ಆರನೇ ಕಿಮೊಗೆ ಹೋದಾಗ ಗೇಟಿನಲ್ಲಿ ವಾಕರಿಕೆ ಬಂತು, ವಾಂತಿಯಾಗಲಿಲ್ಲ.

ಮೊನ್ನೆ ಸ್ಕ್ಯಾನಿನ ಹಿಂದಿನ ರಾತ್ರಿ ಮತ್ತೆ ಅಡುಗೆಮನೆಯ ದೀಪ ಉರಿಯುತ್ತಿತ್ತು. ಹೋಗಿ, ‘ಎಷ್ಟಮ್ಮ ಇವತ್ತು?’ ಎಂದೆ.

‘ಆರು. ನಿಂದೆಷ್ಟು?’

ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ‘ಏಳು’ ಎಂದೆ. ಅಮ್ಮ ಕಾಫಿಗೆ ಹಾಲಿಟ್ಟಳು.