ಹಲಾಲ್ ಆಪ್ ಸರಿ, ಲೈಸೆನ್ಸ್ ಇದೆಯಾ?

ಕಳೆದ ತಿಂಗಳು ಪಾಯಿಂಟ್ ಕುಕ್‌ನ ನಮ್ಮ ಮನೆಗೆ ಭಟ್ಕಳದ ಒಬ್ಬ ಹುಡುಗ ಬಂದಿದ್ದ. ಓದೋದು ಫುಟ್ಸ್‌ಕ್ರೇಯಲ್ಲಿ, ರಾತ್ರಿ ಪಾಳಿ ಟ್ರುಗನೀನಾದ ವೇರ್‌ಹೌಸಿನಲ್ಲಿ. "ಸರ್, ಬಡ್ಡಿ ಇಲ್ಲದ ಹಲಾಲ್ ಬ್ಯಾಂಕ್ ಅಂತ ಫ್ರೆಂಡ್ ಒಂದು ಆಪ್ ಕಳಿಸಿದ್ದಾನೆ. ಮುಂದಿನ ಸೆಮಿಸ್ಟರ್ ಫೀಸು ಅದರಲ್ಲೇ ಇಡಲಾ?" ಅಂದ.

"ಲೈಸೆನ್ಸ್ ಇದೆಯಾ?" ಅಂತ ಕೇಳಿದೆ. ಅವನು ನೋಡಿರಲಿಲ್ಲ.

ಅವನನ್ನು ದೂರೋಹಾಗಿಲ್ಲ. ನಮ್ಮ ದೇಶದಲ್ಲಿ ಇಸ್ಲಾಮಿಕ್ ಬ್ಯಾಂಕಿಂಗ್ ಬೇಡವೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಕೈಬಿಟ್ಟಿತು. ಇಲ್ಲಿ 2022ರ ಜುಲೈನಲ್ಲಿ ಇಸ್ಲಾಮಿಕ್ ಬ್ಯಾಂಕ್ ಆಸ್ಟ್ರೇಲಿಯಾಗೆ ನಿರ್ಬಂಧಿತ ಲೈಸೆನ್ಸ್ ಸಿಕ್ಕಾಗ ಹುಡುಗರಿಗೆ ಆಸೆ ಮೂಡಿತ್ತು. ಶಾಖೆ ಇಲ್ಲ, ಎಲ್ಲ ಫೋನಿನಲ್ಲೇ. ಆದರೆ ಪೂರ್ಣ ಲೈಸೆನ್ಸ್ ಹಂತಕ್ಕೆ ಹೋಗದೆ 2024ರಲ್ಲಿ ಅದು ನಿಂತುಹೋಯಿತು.

ಬ್ಯಾಂಕ್ ನಿಂತರೆ ಹಣ ಹೋಯಿತು ಅಂತಲ್ಲ. ಶಿಂಜಾ ಎಂಬ ಆಪ್ ಬ್ಯಾಂಕ್ 2020ರ ಡಿಸೆಂಬರಿನಲ್ಲಿ ಬಾಗಿಲು ಹಾಕುವುದಾಗಿ ಹೇಳಿದಾಗ ಠೇವಣಿದಾರರಿಗೆ ದುಡ್ಡು ವಾಪಸ್ ಸಿಕ್ಕಿತು. ಕಾರಣ, ಮೇಲೆ ಬ್ಯಾಂಕುಗಳನ್ನು ಕಾಯುವ ಆಪ್ರಾ ಇತ್ತು. ಲೈಸೆನ್ಸ್ ಇರುವ ಬ್ಯಾಂಕ್ ಮುಳುಗಿದರೂ ಒಬ್ಬರಿಗೆ, ಒಂದು ಬ್ಯಾಂಕಿಗೆ 2,50,000 ಡಾಲರ್‌ವರೆಗೆ ಸರ್ಕಾರದ ಖಾತರಿ ಇದೆ. ಬೆಂಗಳೂರಿನ ಐಎಂಎ ನೆನಪಿಸಿಕೊಳ್ಳಿ. ಅದು ಬ್ಯಾಂಕೇ ಅಲ್ಲ. ಹಲಾಲ್ ಲಾಭ ಎಂದು ಹಣ ಕಟ್ಟಿಸಿಕೊಂಡಿತ್ತು. 2019ರಲ್ಲಿ ಅದು ಕುಸಿದಾಗ ಸಾವಿರಾರು ಮನೆಗಳ ಉಳಿತಾಯ ಸಿಕ್ಕಿಬಿತ್ತು.

ಹಾಗಾದರೆ ಬಡ್ಡಿ ಬೇಡವೆನ್ನುವವರು ಏನು ಮಾಡಬೇಕು? ಲೈಸೆನ್ಸ್ ಇರುವ ಬ್ಯಾಂಕಿನಲ್ಲಿ ಬಡ್ಡಿ ಕೊಡದ ದಿನಬಳಕೆಯ ಅಕೌಂಟ್ ತೆರೆಯಿರಿ. ವಿದ್ಯಾರ್ಥಿಗಳಿಗೆ ಎಷ್ಟೋ ಕಡೆ ತಿಂಗಳ ಶುಲ್ಕವೂ ಇಲ್ಲ. ಜೊತೆಗೆ ಸೇವಿಂಗ್ಸ್ ಅಕೌಂಟ್ ಬೇಕಾ ಅಂದರೆ ಬೇಡ ಅನ್ನಿ. ಆ ಬ್ಯಾಂಕ್ ನಿಮ್ಮ ಹಣವನ್ನು ಬೇರೆಯವರಿಗೆ ಬಡ್ಡಿಗೇ ಕೊಡುತ್ತಲ್ಲ ಎಂಬ ಪ್ರಶ್ನೆ ಉಳಿಯುತ್ತೆ. ಅದನ್ನು ನಿಮ್ಮ ಇಮಾಮರ ಹತ್ತಿರ ಕೇಳಿ, ಅದು ಅಕೌಂಟೆಂಟ್ ಹೇಳುವ ಮಾತಲ್ಲ.

ನಾನು ಹೇಳಬಹುದಾದದ್ದು ಟ್ಯಾಕ್ಸ್ ವಿಷಯ. ಬಡ್ಡಿ ಬಂದು ಅದನ್ನು ದಾನಕ್ಕೆ ಕೊಟ್ಟರೂ ರಿಟರ್ನ್‌ನಲ್ಲಿ ಆದಾಯ ಅಂತ ತೋರಿಸಲೇಬೇಕು. ಲಾಭಾಂಶ ಅಂತ ಹೆಸರು ಬದಲಾದರೂ ಅಷ್ಟೇ.

ಅವತ್ತು ಹುಡುಗ ನಮ್ಮ ಊಟದ ಟೇಬಲ್ ಮೇಲೇ ಫೋನ್ ತೆಗೆದು ಆಪ್ರಾದ ಬ್ಯಾಂಕುಗಳ ಪಟ್ಟಿ ನೋಡಿದ. ಆ ಹೆಸರು ಇರಲಿಲ್ಲ. ಫೀಸಿನ ದುಡ್ಡು ಇದ್ದಲ್ಲೇ ಉಳಿಯಿತು. ಎರಡು ನಿಮಿಷದ ಕೆಲಸ, ನೀವೂ ಮಾಡಿ.