ನಾಣ್ಯ ಪರೀಕ್ಷಕರ ನಕ್ಷತ್ರಗಳು

ಸಾಚಾ ರೂಪಾಯಿ ಯಾವುದು, ಖೋಟಾ ರೂಪಾಯಿ ಯಾವುದು ಎಂದು ಗುರುತಿಸಿ ಹೇಳುವುದು ರಾಧಾಗೋವಿಂದ ಚಂದ್ರರ ಉದ್ಯೋಗ. ಅವಿಭಕ್ತ ಬಂಗಾಳದ ಜೆಸೋರ್ ಪಟ್ಟಣದ ಸರ್ಕಾರಿ ಖಜಾನೆಯಲ್ಲಿ ಹಗಲೆಲ್ಲ ನಾಣ್ಯಗಳ ನಡುವೆ ಕುಳಿತಿರುತ್ತಿದ್ದ ಈ ಗೃಹಸ್ಥರು ರಾತ್ರಿಯಾದೊಡನೆ ದೂರದರ್ಶಕ ಯಂತ್ರದ ಮುಂದೆ ನಿಲ್ಲುತ್ತಿದ್ದರು. ವಿಶ್ವವಿದ್ಯಾನಿಲಯದ ಪದವಿ ಹಾಗಿರಲಿ, ಮೂರು ಬಾರಿ ಪ್ರಯತ್ನಿಸಿದರೂ ಪ್ರವೇಶ ಪರೀಕ್ಷೆಯನ್ನೇ ದಾಟಲು ಅವರಿಂದ ಆಗಿರಲಿಲ್ಲ. ಹೀಗಿದ್ದೂ ಅಮೆರಿಕದ ಖಗೋಳಜ್ಞರು ಅವರ ಪತ್ರಗಳಿಗಾಗಿ ಕಾಯುತ್ತಿದ್ದರು.

1878ರಲ್ಲಿ ಜೆಸೋರಿನ ಬಳಿಯ ಬಾಗ್‌ಚರ್ ಗ್ರಾಮದಲ್ಲಿ ಅವರ ಜನನ. ಬಾಲ್ಯದಲ್ಲಿ ಓದಿದ ಅಕ್ಷಯಕುಮಾರ ದತ್ತರ 'ಚಾರುಪಾಠ'ದಲ್ಲಿ ಬ್ರಹ್ಮಾಂಡದ ವಿಸ್ತಾರವನ್ನು ಕುರಿತು ಒಂದು ಪಾಠವಿತ್ತು. ಪಠ್ಯಪುಸ್ತಕವೊಂದರ ಪಾಠ ಹುಡುಗನ ಮನಸ್ಸಿನಲ್ಲಿ ಪರೀಕ್ಷೆಯ ಮರುದಿನವೂ ಉಳಿಯುವುದೇ ಅಪರೂಪ. ಇಲ್ಲಿ ಅದು ಒಂದು ಜೀವಮಾನವೇ ಉಳಿಯಿತು. ಅದೇ ಊರಿನ ವಕೀಲರೂ ನಕ್ಷತ್ರಪಟಗಳ ಕರ್ತೃವೂ ಆದ ಕಾಲೀನಾಥ ಮುಖರ್ಜಿಯವರ ಸಹವಾಸದಲ್ಲಿ ಅವರಿಗೆ ಆಕಾಶದ ಪರಿಚಯವಾಯಿತು. 1910ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಅವರ ಕೈಯಲ್ಲಿದ್ದುದು ಒಂದು ಸಣ್ಣ ದುರ್ಬೀನು ಮಾತ್ರ. ಅದರಿಂದ ತೃಪ್ತಿಯಾಗದೆ, ತಮ್ಮ ಅಲ್ಪ ಸಂಬಳದಲ್ಲಿಯೇ ಹಣ ಹೊಂದಿಸಿ, 1912ರಲ್ಲಿ ಇಂಗ್ಲೆಂಡಿನಿಂದ ಮೂರು ಅಂಗುಲದ ದೂರದರ್ಶಕವೊಂದನ್ನು ತರಿಸಿಕೊಂಡರು.

1918ರ ಜೂನ್ ತಿಂಗಳಲ್ಲಿ, ಶ್ರವಣ ನಕ್ಷತ್ರವಿರುವ ಗರುಡ ಪುಂಜದಲ್ಲಿ, ಅಲ್ಲಿ ಇರಬಾರದ ಒಂದು ತಾರೆ ಅವರ ಕಣ್ಣಿಗೆ ಬಿತ್ತು. ಅದೊಂದು ನವ್ಯತಾರೆ. ಹೆಸರಿನಲ್ಲಿ 'ನವ್ಯ'ವೆಂದಿದ್ದರೂ ಅದು ಹೊಸದಾಗಿ ಹುಟ್ಟಿದ್ದಲ್ಲ. ಪರಸ್ಪರ ಸುತ್ತುವ ಎರಡು ತಾರೆಗಳಲ್ಲಿ ಒಂದು, ಮುಪ್ಪಿನಿಂದ ಕುಗ್ಗಿದ ಶ್ವೇತಕುಬ್ಜ. ಅದು ತನ್ನ ಸಂಗಾತಿಯಿಂದ ಜಲಜನಕವನ್ನು ಸೆಳೆದು ಮೈಮೇಲೆ ಪದರ ಪದರವಾಗಿ ಹೊದ್ದುಕೊಳ್ಳುತ್ತದೆ. ಒಂದು ದಿನ ಆ ಹೊದಿಕೆ ಪರಮಾಣು ಕ್ರಿಯೆಯಿಂದ ಸಿಡಿಯುತ್ತದೆ. ಆ ಜೂನಿನಲ್ಲಿ ಸಿಡಿದ ತಾರೆ ಕೆಲವು ದಿನಗಳ ಮಟ್ಟಿಗೆ, ಲುಬ್ಧಕ ಮತ್ತು ಅಗಸ್ತ್ಯಗಳನ್ನು ಬಿಟ್ಟರೆ ಆಕಾಶದ ಉಳಿದೆಲ್ಲ ನಕ್ಷತ್ರಗಳನ್ನೂ ಹಿಂದಿಕ್ಕಿತು. ಬೇರೆ ದೇಶಗಳಲ್ಲಿ ಹಲವರು ಅದನ್ನು ಕಂಡರು. ಯಾರ ಸುದ್ದಿಯೂ ತಲುಪದ ಜೆಸೋರಿನಲ್ಲಿ ಚಂದ್ರರು ಸ್ವತಂತ್ರವಾಗಿ ಕಂಡರು. ಕಂಡದ್ದನ್ನು ಹಾರ್ವರ್ಡ್ ವೇಧಶಾಲೆಗೆ ಬರೆದು ತಿಳಿಸಿದರು. ಆ ಪತ್ರವ್ಯವಹಾರದ ಮೂಲಕ ಅವರು ಚರಕಾಂತಿ ನಕ್ಷತ್ರ ವೀಕ್ಷಕರ ಅಮೆರಿಕನ್ ಸಂಘದ ಬಳಗವನ್ನು ಸೇರಿದರು.

ಕಾಂತಿ ಏರಿಳಿಯುವ ನಕ್ಷತ್ರಗಳೇ ಚರಕಾಂತಿ ನಕ್ಷತ್ರಗಳು. ತಿಮಿಂಗಿಲ ಪುಂಜದ 'ಮೀರಾ' ಬರಿಗಣ್ಣಿಗೆ ಕಾಣುವಷ್ಟು ಬೆಳಗಿ, ಮತ್ತೆ ಮರೆಯಾಗಿ, ಸುಮಾರು ಹನ್ನೊಂದು ತಿಂಗಳಿಗೊಮ್ಮೆ ಈ ಆಟವನ್ನು ಪುನರಾವರ್ತಿಸುತ್ತದೆ. ಇಂಥ ನಕ್ಷತ್ರಗಳು ಸಾವಿರಾರು. ಅಂದಿನ ಕಾಲದಲ್ಲಿ ವೃತ್ತಿನಿರತ ಖಗೋಳಜ್ಞರು ಬೆರಳೆಣಿಕೆಯಷ್ಟು. ದೊಡ್ಡ ಯಂತ್ರಗಳನ್ನು ಒಂದೇ ನಕ್ಷತ್ರಕ್ಕೆ ವರ್ಷಗಟ್ಟಲೆ ಕಟ್ಟಿಹಾಕುವುದು ಹೇಗೆ? ಆದುದರಿಂದಲೇ 1911ರಲ್ಲಿ ಸ್ಥಾಪನೆಯಾದ ಆ ಸಂಘವು ಹವ್ಯಾಸಿಗಳನ್ನು ನೆಚ್ಚಿತು. ವಿಧಾನವೇನೋ ಸರಳ. ಕಾಂತಿ ಬದಲಾಗದ ಎರಡು ನೆರೆಯ ತಾರೆಗಳನ್ನು ಆರಿಸಿಕೊಂಡು, ನಮ್ಮ ನಕ್ಷತ್ರವು ಒಂದಕ್ಕಿಂತ ಎಷ್ಟು ಮಂಕು, ಇನ್ನೊಂದಕ್ಕಿಂತ ಎಷ್ಟು ಪ್ರಖರ ಎಂದು ಕಣ್ಣಳತೆಯಲ್ಲಿಯೇ ತೂಗಬೇಕು. ದಿನಾಂಕ ವೇಳೆಗಳೊಡನೆ ಬರೆದಿಡಬೇಕು. ನಾಣ್ಯವನ್ನು ನಾಣ್ಯದ ಪಕ್ಕದಲ್ಲಿಟ್ಟು ನೋಡುವ ಅಭ್ಯಾಸವುಳ್ಳವರಿಗೆ ಇದು ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಕಷ್ಟವಿರುವುದು ಬೇರೆ ಕಡೆ: ಇಂದು ನೋಡದಿದ್ದರೆ ಇಂದಿನ ಕಾಂತಿ ಎಂದೆಂದಿಗೂ ಹೋದಂತೆಯೇ. ಮರುದಿನ ಯಾವ ಮಹಾಪಂಡಿತನೂ ಅದನ್ನು ಮರಳಿ ತರಲಾರ. ಅಮೆರಿಕದಲ್ಲಿ ಹಗಲಾಗಿ ವೀಕ್ಷಕರ ಕೈ ಕಟ್ಟಿದಾಗ ಬಂಗಾಳದಲ್ಲಿ ಇರುಳು. ಆ ಹೊತ್ತಿನ ಆಕಾಶವನ್ನು ಕಾಯಲು ಒಬ್ಬರು ಬೇಕಾಗಿತ್ತು, ಜೆಸೋರಿನಲ್ಲಿ ಒಬ್ಬರಿದ್ದರು.

ಮೂರು ಅಂಗುಲದ ಯಂತ್ರಕ್ಕೆ ಎಟುಕುವ ನಕ್ಷತ್ರಗಳು ಕಡಮೆ. ಇದನ್ನರಿತ ಸಂಘವು 1926ರಲ್ಲಿ ಆರೂಕಾಲು ಅಂಗುಲದ ದೂರದರ್ಶಕವೊಂದನ್ನು ಅವರ ಉಪಯೋಗಕ್ಕಾಗಿ ಕಳುಹಿಸಿತು. ಕಡಲಾಚೆಯ ವಿದ್ವಜ್ಜನರು ತಾವು ಮುಖ ಕಾಣದ ಒಬ್ಬ ಖಜಾನೆ ನೌಕರರನ್ನು ನಂಬಿ ಇಂಥದೊಂದು ಯಂತ್ರವನ್ನು ಹಡಗಿಗೇರಿಸಿದರೆಂಬುದು, 1928ರಲ್ಲಿ ಫ್ರೆಂಚ್ ಸರ್ಕಾರವು ಚಂದ್ರರಿಗೆ ನೀಡಿದ ಗೌರವಕ್ಕಿಂತಲೂ ದೊಡ್ಡ ಮನ್ನಣೆಯೆನ್ನಬೇಕು. 1954ರವರೆಗೆ ಅವರು ಸಂಘಕ್ಕೆ ಕಳುಹಿಸಿದ ವೀಕ್ಷಣೆಗಳು 37,000ಕ್ಕೂ ಹೆಚ್ಚು. ಬಂಗಾಳದ ಮಳೆಗಾಲದ ಮೋಡಗಳನ್ನು ಕಳೆದು, ಬೆಳಗಾದರೆ ಕಾದಿರುತ್ತಿದ್ದ ಕಚೇರಿಯನ್ನು ನೆನೆದರೆ, ನಿದ್ರೆಗೆ ಉಳಿದ ವೇಳೆಯೆಷ್ಟೆಂಬುದನ್ನು ಊಹಿಸಬಹುದು.

ದೇಶ ವಿಭಜನೆಯಲ್ಲಿ ಜೆಸೋರ್ ಪಾಕಿಸ್ತಾನದ ಪಾಲಾಯಿತು. ಚಂದ್ರರು ಹುಟ್ಟೂರನ್ನು ಬಿಟ್ಟು ಕಲ್ಕತ್ತೆಯ ಸಮೀಪದ ಬಾರಾಸಾತಿನಲ್ಲಿ ನೆಲೆಸಿದರು. ವಯಸ್ಸೂ ಎಪ್ಪತ್ತನ್ನು ಮೀರಿತ್ತು. ರಾತ್ರಿ ಜಾಗರಣೆ ಇನ್ನು ಸಾಧ್ಯವಿಲ್ಲವೆಂದಾದ ಮೇಲೆ ಯಂತ್ರವನ್ನು ಮತ್ತೊಬ್ಬರಿಗೆ ಒಪ್ಪಿಸುವ ಕಾಲ ಬಂದಿತು. ಆ ಮತ್ತೊಬ್ಬರೇ ತರುಣ ವಿಜ್ಞಾನಿ ವೈನು ಬಾಪು. ಹೈದರಾಬಾದಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಚರಕಾಂತಿ ನಕ್ಷತ್ರಗಳನ್ನು ವೀಕ್ಷಿಸಿ ಲೇಖನಗಳನ್ನು ಪ್ರಕಟಿಸಿದವರು. 1949ರಲ್ಲಿ ಹಾರ್ವರ್ಡಿನಲ್ಲಿದ್ದಾಗ ಧೂಮಕೇತುವೊಂದನ್ನು ಕಂಡುಹಿಡಿದವರು. 1960ರಲ್ಲಿ ಕೊಡೈಕನಾಲ್ ವೇಧಶಾಲೆಯ ಮುಖ್ಯಸ್ಥರಾದ ಬಾಪು, ತಮಿಳುನಾಡಿನ ಜವಾದಿ ಬೆಟ್ಟಗಳ ಮೇಲಿನ ಕಾವಲೂರಿನಲ್ಲಿ ಹೊಸ ವೀಕ್ಷಣಾಕೇಂದ್ರವನ್ನು ಕಟ್ಟಿದರು. ಬೆಂಗಳೂರಿನ ಕೋರಮಂಗಲದಲ್ಲಿ ನೆಲೆಗೊಂಡಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ಈಗ ಅದನ್ನು ನಡೆಸುತ್ತಿದೆ. ಚಂದ್ರರ ದೂರದರ್ಶಕ ಸೇರಿದುದು ಅದೇ ಬೆಟ್ಟವನ್ನು. 1975ರಲ್ಲಿ ತೊಂಬತ್ತಾರನೆಯ ವಯಸ್ಸಿನಲ್ಲಿ ಚಂದ್ರರು ತೀರಿಕೊಂಡರು. ಹನ್ನೊಂದು ವರ್ಷಗಳ ತರುವಾಯ, 1986ರಲ್ಲಿ, ಕಾವಲೂರಿನಲ್ಲಿ ತೊಂಬತ್ತಮೂರು ಅಂಗುಲದ ಭಾರಿ ದೂರದರ್ಶಕವು ಬಾಪು ಅವರ ಹೆಸರಿನಲ್ಲಿ ಕೆಲಸಕ್ಕೆ ತೊಡಗಿತು.