ಯಂತ್ರದ ಭಾರವೋ, ಕೈಯ ಭಾರವೋ?

ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲನ್ನೆತ್ತುವ ಪಂದ್ಯಗಳು ಇಂದಿಗೂ ನಡೆಯುತ್ತವೆ. ಜಟ್ಟಿ ಮೊದಲು ಕುಕ್ಕರಿಸುತ್ತಾನೆ. ಕಲ್ಲನ್ನು ತೊಡೆಗೇರಿಸಿ, ಎದೆಗಪ್ಪಿ, ಒಮ್ಮೆಗೇ ಹೆಗಲಿಗೆ ಹಾಯಿಸುತ್ತಾನೆ. ಅದೇ ನಾಡಿನ ಪಟ್ಟಣಗಳ ವ್ಯಾಯಾಮಶಾಲೆಗಳಲ್ಲಾದರೋ, ಮೆತ್ತನೆಯ ಆಸನದಲ್ಲಿ ಕುಳಿತು, ಉಕ್ಕಿನ ಫಲಕಗಳ ರಾಶಿಗೆ ಪಿನ್ನೊಂದನ್ನು ಸಿಕ್ಕಿಸಿ ಹಿಡಿಯನ್ನೆಳೆದರೆ ಸಾಕು. ಭಾರ ತಾನಾಗಿಯೇ ಕಂಬಿಯ ಗುಂಟ ಮೇಲೇರುತ್ತದೆ. ಇವೆರಡರಲ್ಲಿ ಮೈಗೆ ನಿಜವಾದ ಬಲ ಕೊಡುವುದಾವುದು?

ವ್ಯಾಯಾಮದ ಯಂತ್ರ ಇಂದಿನ ಸೃಷ್ಟಿಯಲ್ಲ. ಸ್ವೀಡನ್ನಿನ ವೈದ್ಯ ಗುಸ್ತಾವ್ ಜಾಂಡರ್ 19ನೆಯ ಶತಮಾನದಲ್ಲಿಯೇ ಇಂಥ ಹಲವು ಯಂತ್ರಗಳನ್ನು ರಚಿಸಿದ್ದನು. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಅವನ್ನು ಜನ ಕಂಡರು. ಆದರೆ ಅವು ಮನೆಮಾತಾದದ್ದು ಅಮೆರಿಕದ ಆರ್ಥರ್ ಜೋನ್ಸ್ 1970ರ ಸುಮಾರಿಗೆ ‘ನಾಟಿಲಸ್’ ಯಂತ್ರಗಳನ್ನು ಹೊರತಂದ ಮೇಲೆ. ತೋಳನ್ನು ಮಡಿಸುವಾಗ ನಮ್ಮ ಬಲ ಎಲ್ಲ ಕೋನಗಳಲ್ಲಿಯೂ ಸಮನಾಗಿರುವುದಿಲ್ಲವಷ್ಟೆ. ಅದಕ್ಕೆ ತಕ್ಕಂತೆ ಹೊರೆಯೂ ಏರಿಳಿಯಲೆಂದು ಜೋನ್ಸ್ ದುಂಡು ಗಾಲಿಯ ಬದಲು ಶಂಖದ ಸುರುಳಿಯಂಥ ಗಾಲಿಯನ್ನಳವಡಿಸಿದನು. ಜಾಣತನದ ಕೆಲಸವೆಂದು ಒಪ್ಪಲೇಬೇಕು.

ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಂ ನಡೆಸಿದ ಕೆ. ವಿ. ಅಯ್ಯರ್ ಅವರಿಗೆ—‘ಶಾಂತಲಾ’ ಕಾದಂಬರಿಯ ಕರ್ತೃವೂ ಅವರೇ—ಇಂಥ ಸುರುಳಿಗಾಲಿಯ ಹಂಗಿರಲಿಲ್ಲ. ಬಾರ್‌ಬೆಲ್ಲು, ಡಂಬೆಲ್ಲು, ಸೂರ್ಯನಮಸ್ಕಾರ, ಇವುಗಳಿಂದಲೇ ಶಿಷ್ಯರ ಮೈಯನ್ನು ಕಡೆದರು.

ವ್ಯತ್ಯಾಸವಿರುವುದು ದಾರಿಯಲ್ಲಿ. ಯಂತ್ರದಲ್ಲಿ ಭಾರ ಸಾಗಬೇಕಾದ ದಾರಿಯನ್ನು ಕಂಬಿಯೇ ಗೊತ್ತುಪಡಿಸಿರುತ್ತದೆ, ಮನುಷ್ಯ ನೂಕಿದರಾಯಿತು. ಕೈಯಲ್ಲಿ ಹಿಡಿದ ಬಾರ್‌ಬೆಲ್ಲಿಗೆ ಅಂಥ ದಾರಿಯಿಲ್ಲ. ಅದು ಮುಂದಕ್ಕೂ ವಾಲೀತು, ಪಕ್ಕಕ್ಕೂ ಜಾರೀತು. ಅದನ್ನು ತಡೆದು ನಿಲ್ಲಿಸಲು ಪಾದ, ಸೊಂಟ, ಬೆನ್ನು, ಭುಜದ ಸಣ್ಣಪುಟ್ಟ ಸ್ನಾಯುಗಳೆಲ್ಲ ದುಡಿಯಬೇಕು. ಯಂತ್ರದಲ್ಲಿ ಎಳೆದ ಭಾರವನ್ನೇ ಕೈಯಲ್ಲೆತ್ತಹೋದವನು ತಬ್ಬಿಬ್ಬಾಗುವುದು ಇದರಿಂದಲೇ. ರಾಟೆಯ ಮಾಯೆಯೂ ಇದಕ್ಕೆ ಸೇರುತ್ತದೆ: ರಾಟೆಯೊಂದು ಭಾರದೊಡನೆ ತಾನೂ ಚಲಿಸುವಂತಿದ್ದರೆ, 50 ಕಿಲೋಗ್ರಾಮಿನ ಫಲಕಕ್ಕೆ 25ರ ಎಳೆತವೇ ಸಾಕಾಗುತ್ತದೆ. ಆದುದರಿಂದ ಫಲಕದ ಮೇಲಿನ ಅಂಕಿಯನ್ನು ಕಂಡು ಬೀಗುವುದು ಬೇಡ.

ಹಾಗೆಂದು ಯಂತ್ರವನ್ನು ಹಳಿಯುವುದು ನ್ಯಾಯವಲ್ಲ. ಎರಡನ್ನೂ ತೂಗಿನೋಡಿದ ಪ್ರಯೋಗಗಳು ಹೇಳುವುದಿಷ್ಟು: ಸ್ನಾಯು ದಪ್ಪವಾಗುವುದರಲ್ಲಿ ಹೆಚ್ಚಿನ ಅಂತರವಿಲ್ಲ, ಬಲ ಮಾತ್ರ ಅಭ್ಯಾಸ ಮಾಡಿದ ರೀತಿಯಲ್ಲಿಯೇ ಹೆಚ್ಚಾಗಿ ಪ್ರಕಟವಾಗುತ್ತದೆ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದ ಕುಂದಾಪುರದ ಕಡೆಯ ಗುರುರಾಜ ಪೂಜಾರಿಯವರಂಥವರಿಗೆ ಬಾರ್‌ಬೆಲ್ಲಿಲ್ಲದೆ ಗತಿಯಿಲ್ಲ. ಮನೆಯವರಿಗೂ ಈ ಮಾತು ಅಷ್ಟಿಷ್ಟು ಅನ್ವಯಿಸುತ್ತದೆ. ತುಂಬಿದ ಅಡಿಗೆಯ ಅನಿಲದ ಸಿಲಿಂಡರು ಸುಮಾರು 30 ಕಿಲೋ ತೂಗುತ್ತದೆ. ಅದನ್ನು ಸರಿಸುವಾಗ ದಾರಿ ತೋರಲು ಯಾವ ಕಂಬಿಯೂ ಇರುವುದಿಲ್ಲ.

ಯಂತ್ರದ ಉಪಕಾರ ಅರಿವಾಗುವುದು ಮುಪ್ಪಿನಲ್ಲಿ. 1990ರಲ್ಲಿ ಬಾಸ್ಟನ್ನಿನ ವೈದ್ಯರು ವೃದ್ಧಾಶ್ರಮವೊಂದರ, 90ರ ಆಸುಪಾಸಿನ ಹತ್ತು ಮಂದಿಗೆ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಎಂಟು ವಾರಗಳನ್ನು ಪೂರೈಸಿದ ಒಂಬತ್ತು ಮಂದಿಯ ಕಾಲ್ಬಲ ಸರಾಸರಿ 174 ಪ್ರತಿಶತ ಏರಿತು. ಆ ವಯಸ್ಸಿನಲ್ಲಿ ಕಾಲು ಸೋತರೆ ಬೀಳುವುದು, ಬಿದ್ದರೆ ತೊಡೆಯೆಲುಬು ಮುರಿಯುವುದು, ಮುರಿದರೆ ಹಾಸಿಗೆ ಹಿಡಿಯುವುದು. ತೋಲನ ತಪ್ಪುವ ಅಂಥ ಅಜ್ಜನ ಕೈಗೆ ಬಾರ್‌ಬೆಲ್ಲು ಕೊಡುವವರುಂಟೆ? ಕುಳಿತು ಕಾಲು ಚಾಚುವ ಯಂತ್ರವೇ ಅವನಿಗೆ ಕ್ಷೇಮ. ಕಾಲು ಗಟ್ಟಿಯಾದ ಮೇಲೆ ಕುರ್ಚಿಯಿಂದ ಕೈಯೂರದೆ ಏಳುವುದನ್ನೂ ಕಲಿಸಬೇಕು. ಅದನ್ನು ಯಂತ್ರ ಕಲಿಸದು.

ತರುಣರಿಗೆ ಇರುವ ಅಪಾಯ ಬೇರೆ. ಮಲಗಿ ಎದೆಯ ಮೇಲಿಂದ ಬಾರ್‌ಬೆಲ್ಲೆತ್ತುವಾಗ ತೋಳು ಸೋತರೆ ಅದು ಕುತ್ತಿಗೆಯ ಮೇಲೆಯೇ ಕುಳಿತೀತು. ತಲೆಯ ಬಳಿ ಹಿಡಿಯುವವರೊಬ್ಬರು ನಿಂತಿಲ್ಲದ ದಿನ ಆ ಆಟವನ್ನು ಯಂತ್ರದಲ್ಲಿಯೇ ಮುಗಿಸುವುದು ಲೇಸು.